ಐವರಿಗೆ ಪಾಲಾದ ಕಾರ್ನೆಟ್ ಸೋಲೋ

ಸಭೆಯ ಅಧ್ಯಕ್ಷರೂ ನಮ್ಮ ಕಾಗದದ ಕಾರ್ಖಾನೆಯ ಮಾಜಿ ಮ್ಯಾನೇಜರೂ ಆದ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ನನ್ನ ಬಾಯಿಯ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲ ಹಲ್ಲಿನ ಡಾಕ್ಟರೇ, ಬ್ಯಾಂಡಿನ ಕಾರ್ಯದರ್ಶಿಗಳೇ, ನನ್ನ ಬೆನ್ನ ಹಿಂದೆ ವಾದ್ಯ ಹಿಡಿದು ಕಾಯುತ್ತಿರುವ ನಾಲ್ವರು ಜೊತೆಗಾರರೇ, ಮುಂದಿನ ಸಾಲಿನಲ್ಲಿ ಕುಳಿತು ಈಗಿನಿಂದಲೇ ‘ಬೇಗ ಮುಗಿಸಿ’ ಎಂದು ಕೈಸನ್ನೆ ಮಾಡುತ್ತಿರುವ ನನ್ನ ಮನೆಯವರೇ, ಮತ್ತು ಸಭಿಕರೇ,

ಎರಡು ಮಾತು ಆಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಈ ವೇದಿಕೆಯ ಮೇಲೆ ನಾನು ಮೂವತ್ತು ವರ್ಷದಿಂದ ನಿಲ್ಲುತ್ತ ಬಂದವನು. ಆದರೆ ಪ್ರತಿ ಸಲವೂ ತುಟಿಗೆ ಕಾರ್ನೆಟ್ ಇತ್ತು. ಬರಿಬಾಯಲ್ಲಿ ನಿಂತಿರುವುದು ಇದೇ ಮೊದಲು. ಹಾಗಾಗಿ ಎರಡು ಮಾತು ನಾಲ್ಕಾದರೆ, ನಾಲ್ಕು ಎಂಟಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮಲ್ಲಿ ಬಹಳ ಜನರಿಗೆ ನನ್ನ ದನಿ ಹೇಗಿದೆ ಎಂಬುದೇ ಗೊತ್ತಿರಲಾರದು.

ಮೊದಲಿಗೆ ಈ ಫಲಕಕ್ಕಾಗಿ ಕೃತಜ್ಞತೆಗಳು. ಹಿತ್ತಾಳೆಯದು, ತೂಕವಾಗಿದೆ, ಚೆನ್ನಾಗಿ ಹೊಳೆಯುತ್ತದೆ. ಇದರ ಮೇಲೆ ನನ್ನ ಸೇವೆ ‘ಚಿರಸ್ಮರಣೀಯ’ ಎಂದು ಕೆತ್ತಿಸಿದ್ದೀರಿ. ಆ ಪದ ಕಂಡ ಕೂಡಲೇ ನಾನು ನಾಡಿ ಹಿಡಿದು ನೋಡಿಕೊಂಡೆ. ಇದೆ, ಹೊಡೆದುಕೊಳ್ಳುತ್ತಿದೆ. ನಗಬೇಡಿ, ಈ ಮಾತನ್ನು ನಾನು ಪೂರ್ತಿ ತಮಾಷೆಗಾಗಿ ಹೇಳುತ್ತಿಲ್ಲ. ಬದುಕಿರುವವನನ್ನು ನೆನಪಿಸಿಕೊಳ್ಳುವುದು ಹೇಗೆ? ಅವನನ್ನು ನೋಡಿದರೆ ಸಾಲದೇ? ಅವನು ನುಡಿಸುವುದನ್ನು ಕೇಳಿದರೆ ಸಾಲದೇ? ಇರಲಿ. ಕೆತ್ತಿದ್ದು ಕೆತ್ತಿದ್ದಾಯಿತು.

ನನಗೆ ಒಪ್ಪಿಸಿರುವ ಕೆಲಸ ಏನೆಂದರೆ, ಈಗ ನೀವು ಕೇಳಲಿರುವ ಕೃತಿಯನ್ನು ಪರಿಚಯಿಸುವುದು. ಅಚ್ಚು ಹಾಕಿಸಿದ ಕಾರ್ಯಕ್ರಮ ಪಟ್ಟಿಯಲ್ಲಿ ಹೀಗಿದೆ: ‘ಹಳೆಯ ಕಾರ್ನೆಟ್ ಸೋಲೋ, ಐದು ಹಿತ್ತಾಳೆ ವಾದ್ಯಗಳಿಗೆ ಹೊಸ ಅಳವಡಿಕೆ’. ಅಳವಡಿಸಿದವಳು ನನ್ನ ಮಗಳು. ನನ್ನ ಹಿಂದೆ, ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ ಕುಳಿತಿದ್ದಾಳೆ. ಅವಳ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಕೃತಿ.

ಕಾರ್ನೆಟ್ ಎಂದರೆ ಟ್ರಂಪೆಟ್ಟಿಗಿಂತ ಗಿಡ್ಡ, ದನಿಯಲ್ಲಿ ಸ್ವಲ್ಪ ಮೆತ್ತಗೆ. ಒಬ್ಬನೇ ಮುಂದಾಗಿ ನುಡಿಸುವ ಈ ಸೋಲೋಗೆ ಒಂದು ಉದ್ದನೆಯ ಹೆಸರಿದೆ, ಆದರೆ ನಮ್ಮ ಬ್ಯಾಂಡಿನಲ್ಲಿ ಯಾರೂ ಆ ಹೆಸರಿನಿಂದ ಕರೆದವರಲ್ಲ. ‘ದೊಡ್ಡದು’ ಎನ್ನುತ್ತಿದ್ದೆವು. ‘ಈ ಸಲ ದೊಡ್ಡದು ಯಾವಾಗ?’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಮೊದಲು ಮೂವತ್ತು ಜನರ ಬ್ಯಾಂಡ್ ಜೋರಾಗಿ ಬಾಗಿಲು ತೆರೆಯುತ್ತದೆ. ಆಮೇಲೆ ಕಾರ್ನೆಟ್ ಒಂದು ಸರಳವಾದ ರಾಗವನ್ನು ಹೇಳುತ್ತದೆ. ಪಾತ್ರೆ ತೊಳೆಯುತ್ತ ಗುನುಗಿಕೊಳ್ಳಬಹುದಾದಷ್ಟು ಸರಳ. ನಂತರ ಅದೇ ರಾಗವನ್ನು ನಾಲ್ಕು ಸಲ ನಾಲ್ಕು ರೀತಿಯಲ್ಲಿ ಬಿಡಿಸಿ ತೋರಿಸುತ್ತದೆ. ಮೊದಲನೆಯದು ಓಡುತ್ತದೆ, ಎರಡನೆಯದು ಕುಣಿಯುತ್ತದೆ, ಮೂರನೆಯದು ಅಳುತ್ತದೆ, ನಾಲ್ಕನೆಯದರಲ್ಲಿ ನಾಲಿಗೆಯ ತುದಿ ತು-ತು-ಕು, ತು-ತು-ಕು ಎಂದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಆಡಬೇಕು. ಅದೂ ಮುಗಿದ ಮೇಲೆ ಬ್ಯಾಂಡ್ ತಟ್ಟನೆ ನಿಂತುಬಿಡುತ್ತದೆ. ಕಾರ್ನೆಟ್ ಒಂಟಿಯಾಗಿ ಮೇಲೆ ಹತ್ತಿ ಹತ್ತಿ, ತುತ್ತತುದಿಯ ಸ್ವರವನ್ನು ಮುಟ್ಟಿ, ಹಿಡಿದು ನಿಲ್ಲಬೇಕು. ಅದು ನಿಂತ ಮೇಲೆಯೇ ಉಳಿದವರು ಸೇರಿಕೊಂಡು ಮುಗಿಸುತ್ತಾರೆ. ಆ ಸ್ವರ ಮುಟ್ಟುವ ತನಕ ಈ ಸಭಾಂಗಣದಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಸುಳ್ಳಾದರೆ ಹೇಳಿ.

ನಮ್ಮ ಬ್ಯಾಂಡಿನಲ್ಲಿ ಇದಕ್ಕೆ ಒಂದು ಪದ್ಧತಿ ಇತ್ತು. ಹೊಸಬರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಎಲ್ಲರೂ ಕುಳಿತು ನುಡಿಸುತ್ತಾರೆ, ದೊಡ್ಡದನ್ನು ನುಡಿಸುವವನು ಮಾತ್ರ ನಿಲ್ಲುತ್ತಾನೆ. ನಿಲ್ಲುವವನು ಒಬ್ಬನೇ. ಅವನಾಗಿ ಇನ್ನೊಬ್ಬನಿಗೆ ಕೊಡುವ ತನಕ ಅದು ಅವನದು. ಕಮಿಟಿ ಕೇಳುವಂತಿಲ್ಲ, ಮ್ಯಾನೇಜರು ಕೇಳುವಂತಿಲ್ಲ. ಅಧ್ಯಕ್ಷರಿಗೆ ನೆನಪಿರಬಹುದು, ತಾವೊಮ್ಮೆ ಕೇಳಿ ನೋಡಿದ್ದಿರಿ.

ನನಗೆ ಕೊಟ್ಟವರು ಹಳೆಯ ಮಾಸ್ತರು. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು, ಸಂಜೆ ಬ್ಯಾಂಡ್ ನೋಡಿಕೊಳ್ಳುತ್ತಿದ್ದರು. ಎರಡೂ ಕಡೆ ಅವರಿಗೆ ಹಬೆಯ ಒತ್ತಡದ್ದೇ ಚಿಂತೆ. ನಾನಾಗ ಕಾಗದ ಕತ್ತರಿಸುವ ಯಂತ್ರದಲ್ಲಿದ್ದೆ. ಒಂದು ವಾರ್ಷಿಕೋತ್ಸವದಲ್ಲಿ ಅವರು ದೊಡ್ಡದನ್ನು ನುಡಿಸಿದರು. ಎಂದಿನ ಹಾಗೆ, ಒಂದು ಸ್ವರವೂ ಕೊಂಕದಂತೆ. ಮಾರನೆಯ ಸಂಜೆ ಬ್ಯಾಂಡಿನ ಕೋಣೆಗೆ ಬಂದು, ಕೋಟು ಬಿಚ್ಚಿ ಮೊಳೆಗೆ ಹಾಕಿ, “ಇನ್ಮೇಲೆ ನೀನು ನಿಲ್ಲಪ್ಪ. ನಾನು ಕೂತ್ಕೋತೀನಿ” ಎಂದರು. ಅಷ್ಟೇ. ಹೋಗಿ ಮೂರನೆಯ ಕಾರ್ನೆಟ್ಟಿನ ಕುರ್ಚಿಯಲ್ಲಿ ಕುಳಿತರು, ಸಾಯುವ ತನಕ ಅಲ್ಲೇ ಕುಳಿತರು. ನೋಡಿ, ಅವರಿಗೆ ಆಗ ಮೇಲಿನ ಸ್ವರ ಚೆನ್ನಾಗಿಯೇ ಬರುತ್ತಿತ್ತು. ಬರುತ್ತಿರುವಾಗಲೇ ಕೊಟ್ಟುಬಿಟ್ಟರು. ಯಾಕೆ ಹಾಗೆ ಮಾಡಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬರುತ್ತಿರುವುದನ್ನು ಯಾರಾದರೂ ಬಿಡುತ್ತಾರೆಯೇ?

ಈಗ ಮಗಳ ವಿಷಯ.

ಅವಳಿಗೆ ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಗಟ್ಟಿಯಾಗುವ ತನಕ ನಾನು ಕಾರ್ನೆಟ್ ಮುಟ್ಟಲು ಬಿಡಲಿಲ್ಲ. ಅದಕ್ಕೆ ಮೊದಲು ಊದಿದರೆ ಹಲ್ಲಿನ ಸಾಲು ಕೆಡುತ್ತದೆ, ಡಾಕ್ಟರು ಹೌದೆನ್ನುತ್ತಿದ್ದಾರೆ. ಕಲಿಸುವಾಗ ನಾನು ತಂದೆಯಂತೆ ಕಲಿಸಲಿಲ್ಲ. ಬ್ಯಾಂಡಿನ ಕೋಣೆಯಲ್ಲಿ ಅಪ್ಪ ಎನ್ನುವ ಹಾಗಿಲ್ಲ, ‘ಮಾಸ್ತರೇ’ ಎನ್ನಬೇಕು. ನೀನು ಎನ್ನುವ ಹಾಗಿಲ್ಲ, ನೀವು ಎನ್ನಬೇಕು. ಒಂದು ಸಲ ಬಾಯಿತಪ್ಪಿ ಅಪ್ಪಾ ಎಂದಿದ್ದಕ್ಕೆ ಅವಳನ್ನು ಹೊರಗೆ ನಿಲ್ಲಿಸಿದ್ದೆ. ಹೊರಗೆ ನಿಂತು ಗೋಡೆಯಾಚೆಯಿಂದಲೇ ದೊಡ್ಡದನ್ನು ಪೂರ್ತಿ ಕೇಳಿಸಿಕೊಂಡಳು ಎಂದು ಆಮೇಲೆ ತಿಳಿಯಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಬೆರಳಾಡಿಸುತ್ತಿದ್ದಳು.

ಬೆಳೆದಂತೆ ಅವಳನ್ನು ಎರಡನೆಯ ಕಾರ್ನೆಟ್ಟಿಗೆ ಕೂರಿಸಿದೆ. ಮೊದಲನೆಯದಕ್ಕೆ ಯಾಕೆ ಕೂರಿಸಲಿಲ್ಲ ಎಂದು ಕೆಲವರು ಹುಬ್ಬೇರಿಸಿದರು. ಸ್ವಂತ ಮಗಳನ್ನು ಮೇಲೆ ಕೂರಿಸಿದ್ದರೆ ಇದೇ ಜನ ಮೂಗು ಮುರಿಯುತ್ತಿರಲಿಲ್ಲವೇ? ದೊಡ್ಡ ಊರಿನ ಬ್ಯಾಂಡಿನವರೊಬ್ಬರು ಒಮ್ಮೆ ಬಂದು ನಮ್ಮ ಅಭ್ಯಾಸ ಕೇಳಿದರು. ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, “ಆ ಎರಡನೇ ಕಾರ್ನೆಟ್ ಹುಡುಗಿ ಯಾರು? ನಮ್ಮಲ್ಲಿ ಮೊದಲನೇ ಕುರ್ಚಿ ಖಾಲಿ ಇದೆ, ಕಳಿಸ್ತೀರಾ?” ಎಂದರು. “ಅವಳಿಗಿನ್ನೂ ಕಲಿಯೋದಿದೆ” ಎಂದೆ. ಇದರಲ್ಲಿ ಸುಳ್ಳೇನಿದೆ? ಕಲಿಯುವುದು ಯಾರಿಗೆ ತಾನೇ ಮುಗಿದಿದೆ? ಕೆಲವು ದಿನ ಬಿಟ್ಟು ಊಟಕ್ಕೆ ಕುಳಿತಾಗ ಅವಳಿಗೆ ಹೇಳಿದೆ. ನಾನು ಹೇಳದೆ ಬಚ್ಚಿಡಲಿಲ್ಲ, ಇದನ್ನು ಗಮನಿಸಬೇಕು. ಅವಳು ಚಮಚ ಕೆಳಗಿಟ್ಟು, “ಯಾವತ್ತು ಬಂದಿದ್ರು ಅವರು?” ಎಂದು ಕೇಳಿದಳು. ಹೇಳಿದೆ. “ಆಯ್ತು ಬಿಡು” ಎಂದಳು. ಆಮೇಲೆ ಒಂದು ದಿನವೂ ಆ ಬಗ್ಗೆ ಉಸಿರೆತ್ತಲಿಲ್ಲ. ಅಷ್ಟು ಒಳ್ಳೆಯ ಮಗಳು.

ಮನೆಯವರು ಮುಖ ಗಂಟು ಹಾಕಿಕೊಂಡಿದ್ದಾರೆ. ಆದರೂ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತೇನೆ.

ಎರಡು ವರ್ಷದ ಕೆಳಗೆ ನನ್ನ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಊದುವವನಿಗೆ ಮುಂದಿನ ಹಲ್ಲು ಎಂದರೆ ಮನೆಗೆ ತೊಲೆ ಇದ್ದ ಹಾಗೆ. ಮೌತ್‌ಪೀಸ್ ತುಟಿಯ ಮೇಲೆ, ತುಟಿ ಹಲ್ಲಿನ ಮೇಲೆ. ಡಾಕ್ಟರು ಅದನ್ನು ಕಿತ್ತು ಹೊಸದು ಕೂರಿಸಿದರು. “ಊಟಕ್ಕೆ, ಮಾತಿಗೆ, ನಗೋದಕ್ಕೆ ಏನೂ ತೊಂದರೆ ಇಲ್ಲ” ಎಂದರು. “ಊದೋದಕ್ಕೆ?” ಎಂದೆ. “ನೋಡೋಣ” ಎಂದರು. ನೋಡಿದೆವು. ಕೆಳಗಿನ ಸ್ವರಗಳೆಲ್ಲ ಬಂದವು, ನಡುವಿನವೂ ಬಂದವು. ಮೇಲಿನದು ಒಂದು ದಿನ ಬರುತ್ತಿತ್ತು, ಒಂದು ದಿನ ಮುನಿಸಿಕೊಳ್ಳುತ್ತಿತ್ತು. ಬಾಡಿಗೆದಾರ ಹಲ್ಲು, ಹೊಸ ಮನೆಗೆ ಹೊಂದಿಕೊಳ್ಳಲು ಸಮಯ ಬೇಕು ಎಂದುಕೊಂಡೆ.

ಹೋದ ವರ್ಷದ ವಾರ್ಷಿಕೋತ್ಸವ ನಿಮಗೆಲ್ಲ ನೆನಪಿದೆ. ಇದೇ ಸಭಾಂಗಣ. ಬ್ಯಾಂಡಿನಲ್ಲಿ ಆಗ ಹದಿನಾಲ್ಕು ಜನ ಉಳಿದಿದ್ದರು. ನಾನು ನಿಂತೆ, ರಾಗ ಹೇಳಿದೆ, ನಾಲ್ಕು ಬಗೆಯನ್ನೂ ನುಡಿಸಿದೆ. ಬ್ಯಾಂಡ್ ನಿಂತಿತು. ನಾನು ಮೇಲೆ ಹತ್ತಿದೆ. ಕೊನೆಯ ಸ್ವರ ಬಂತು, ತುಂಬಾ ಚೆನ್ನಾಗಿ ಬಂತು, ನಿಂತಿತು. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಡಾಕ್ಟರು ಬಾಗಿಲ ಬಳಿ ನನ್ನ ಕೈ ಕುಲುಕಿ, “ಹಲ್ಲು ಚೆನ್ನಾಗಿ ಕೂತ್ಕೊಂಡಿದೆ ನೋಡಿ” ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಕ್ಷಮಿಸಿ ಡಾಕ್ಟರೇ, ಆ ಸ್ವರ ನಿಮ್ಮ ಹಲ್ಲಿನದಲ್ಲ. ನನ್ನ ಹಲ್ಲಿನದೂ ಅಲ್ಲ. ನನ್ನ ಹಿಂದೆ ಕುಳಿತವಳದು.

ಹೌದು, ಈಗ ಗುಸುಗುಸು ಶುರುವಾಯಿತು. ಆಗಲಿ. ನನ್ನ ಕಾರ್ನೆಟ್ ತುಟಿಯ ಮೇಲೇ ಇತ್ತು, ಬೆರಳು ವಾಲ್ವಿನ ಮೇಲೇ ಇತ್ತು. ಗಾಳಿ ಹೋಗುತ್ತಿತ್ತು, ಸ್ವರ ಬರಲಿಲ್ಲ. ಆಗ ನನ್ನ ಎಡಭುಜದ ಹಿಂದಿನಿಂದ ಬಂತು. ನಾನು ನುಡಿಸಿದ್ದರೆ ಹೇಗಿರುತ್ತಿತ್ತೋ ಹಾಗೇ ಇತ್ತು. ನನ್ನದೇ ಶೈಲಿ, ನನ್ನದೇ ಸಣ್ಣ ನಡುಕ. ನಾನು ಕಲಿಸಿದ್ದಲ್ಲವೇ? ನೀವು ನನಗೆ ತಟ್ಟಿದಿರಿ, ನಾನು ಬಾಗಿದೆ. ಬಾಗದೆ ಇನ್ನೇನು ಮಾಡಬೇಕಿತ್ತು? ತಿರುಗಿ ಅವಳನ್ನು ತೋರಿಸಬೇಕಿತ್ತೇ? ಅವಳನ್ನು ಯಾರು ಕೇಳಿದ್ದರು?

ಮನೆಗೆ ಹೋಗಿ ಬೂಟು ಬಿಚ್ಚುವ ಮೊದಲೇ ಕೇಳಿದೆ, “ಯಾಕೆ ಊದಿದೆ?”

“ನೀನು ನಿಲ್ಲಿಸಿಬಿಟ್ಟೆ ಅಂದ್ಕೊಂಡೆ.”

“ನಾನು ಉಸಿರು ತಗೋತಿದ್ದೆ.”

ಒಳಗಿನಿಂದ ಇವಳ ಅಮ್ಮ, “ಅಷ್ಟು ಹೊತ್ತು ಯಾರು ರೀ ಉಸಿರು ತಗೋತಾರೆ?” ಎಂದಳು. ಮಗಳು ನಗಲಿಲ್ಲ. ಕಾರ್ನೆಟ್ಟಿನೊಳಗಿನ ನೀರು ಬಸಿದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮಲಗಲು ಹೋದಳು.

ಸಭಿಕರೇ, ನನ್ನ ಹತ್ತಿರದಿಂದ ಯಾರಾದರೂ ಏನನ್ನಾದರೂ ಕಸಿದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ನನಗೇ ತಂದುಕೊಟ್ಟವರ ಮೇಲೆ ಯಾರಿಗೆ ದೂರು ಕೊಡುವುದು? ಆ ಚಪ್ಪಾಳೆ ನನ್ನ ಎದೆಯಲ್ಲಿ ಇವತ್ತಿಗೂ ಅಜೀರ್ಣದ ಹಾಗೆ ಕುಳಿತಿದೆ. ಈ ಒಂದು ವರ್ಷದಲ್ಲಿ ನಾನು ಒಂದು ರಾತ್ರಿಯೂ ನೆಮ್ಮದಿಯಾಗಿ ಮಲಗಿಲ್ಲ.

ಅಷ್ಟರಲ್ಲಿ ಕಾರ್ಖಾನೆ ನಮ್ಮ ಬ್ಯಾಂಡಿನ ಕೋಣೆಯನ್ನು ಗೋದಾಮು ಮಾಡಿಕೊಂಡಿತು. ಅಭ್ಯಾಸಕ್ಕೆ ಜಾಗವಿಲ್ಲದೆ ಒಬ್ಬೊಬ್ಬರೇ ಕಳಚಿಕೊಂಡರು. ಉಳಿದವರು ಐವರು. ನಾನು, ಮಗಳು, ಹಾರ್ನ್ ನುಡಿಸುವ ಗಣಿತದ ಮೇಡಂ, ಟ್ರಂಬೋನಿನ ಟಪಾಲಿನವರು, ಟ್ಯೂಬಾದ ಬೇಕರಿಯವರು. ಐವರಿಂದ ದೊಡ್ಡದು ಹೇಗಾಗುತ್ತದೆ? ಈ ವರ್ಷ ಬೇಡ ಎಂದೆ. ಒಳಗೊಳಗೆ ನನಗೆ ಸ್ವಲ್ಪ ಹಗುರವೂ ಆಗಿತ್ತು. ಆಗ ಮಗಳು, “ನಾನು ಐದು ಜನಕ್ಕೆ ಬರೀತೀನಿ” ಎಂದಳು.

ಊಟದ ಮೇಜನ್ನು ಚಳಿಗಾಲ ಪೂರ್ತಿ ಆಕ್ರಮಿಸಿಕೊಂಡಳು. ನಾವು ಗಂಡ ಹೆಂಡತಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ತಿಂದೆವು. ಅಳವಡಿಕೆ ಎಂದರೆ ಏನೆಂದು ನಿಮಗೆ ಹೇಳಬೇಕು. ಮೂವತ್ತು ಜನರ ಕೆಲಸವನ್ನು ನಾಲ್ವರಿಗೆ ಹಂಚಿದರೆ ಮುಗಿಯಿತು ಎಂದು ನೀವು ತಿಳಿಯಬಹುದು. ಹಾಗಲ್ಲ. ಹಳೆಯ ಕೃತಿಯಲ್ಲಿ ಒಂದೊಂದು ಬಗೆ ಮುಗಿದಾಗಲೂ ಬ್ಯಾಂಡ್ ಸ್ವಲ್ಪ ಹೊತ್ತು ತಾನೇ ಗದ್ದಲ ಮಾಡುತ್ತದೆ. ಆಗ ಸೋಲೋದವನು ತುಟಿಯ ದಣಿವಾರಿಸಿಕೊಳ್ಳುತ್ತಾನೆ. ಐವರೇ ಇದ್ದರೆ ಆ ಗದ್ದಲಕ್ಕೂ ಅವನೇ ಬೇಕಾಗುತ್ತಾನೆ. ತುಟಿಗೆ ಬಿಡುವಿಲ್ಲ, ಬಿಡುವಿಲ್ಲದ ತುಟಿ ಕೊನೆಗೆ ಕೈಕೊಡುತ್ತದೆ. ಹಾಗಾಗಿ ಒಬ್ಬನ ಮೇಲೇ ಎಲ್ಲ ಭಾರ ಹೊರಿಸುವ ಹಾಗಿಲ್ಲ. ಇದು ಅವಳ ವಾದ. ವಾದದಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ.

ಕೊನೆಗೆ ಅವಳು ಪಾಲು ಮಾಡಿದಳು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವುದನ್ನು ನೋಡಿದ್ದೀರಲ್ಲ? ಅಂಗಳ ಒಬ್ಬನಿಗೆ, ನಡುಮನೆ ಒಬ್ಬನಿಗೆ. ಹಾಗೆ ರಾಗ ನನಗೆ. ಓಡುವುದು ಹಾರ್ನಿಗೆ. ಕುಣಿಯುವುದು ಟ್ರಂಬೋನಿಗೆ. ಅಳುವುದು ಟ್ಯೂಬಾಕ್ಕೆ. ಟ್ಯೂಬಾಕ್ಕೆ! ಬೇಕರಿಯವರು ಒಳ್ಳೆಯವರು, ಅವರ ಬನ್ನು ನಾನು ದಿನಾ ತಿನ್ನುತ್ತೇನೆ, ಆದರೆ ಜೀವಮಾನವಿಡೀ ಬುಂ ಬುಂ ಎಂದವರ ಕೈಗೆ ಆ ಅಳುವೇ? “ಇದು ಎಮ್ಮೆ ಅತ್ತ ಹಾಗಿರತ್ತೆ ಕಣೇ” ಎಂದೆ. “ಕೇಳಿ ನೋಡಿ ಮಾಸ್ತರೇ” ಎಂದಳು. ಕೇಳಿದೆ. ಈಗ ನಾವು ಅಭ್ಯಾಸಕ್ಕೆ ಸೇರುವ ಬೇಕರಿಯ ಹಿಂದಿನ ಕೋಣೆಯಲ್ಲಿ ಅವರು ಕಣ್ಣು ಮುಚ್ಚಿಕೊಂಡು ನುಡಿಸಿದರು. ಮೇಡಂ ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು ಆ ಕಡೆ ತಿರುಗಿ ಕುಳಿತರು. ಚೆನ್ನಾಗಿದೆ. ಹೇಳಿಬಿಟ್ಟೆ, ಬೇಕಾದರೆ ಬರೆದುಕೊಳ್ಳಿ. ಮೂವತ್ತು ವರ್ಷ ನಾನು ಅತ್ತಿದ್ದಕ್ಕಿಂತ ಚೆನ್ನಾಗಿದೆ.

ಸೂಜಿಯ ಹಾಗೆ ಆಡುವ ನಾಲ್ಕನೆಯದನ್ನು ಅವಳೇ ಇಟ್ಟುಕೊಂಡಿದ್ದಾಳೆ. ಕೊನೆಯಲ್ಲಿ ಒಂಟಿಯಾಗಿ ಹತ್ತುವುದು, ಆ ತುದಿಯ ಸ್ವರ, ಅದು ಮತ್ತೆ ನನಗೆ. ಅಲ್ಲಿ ಉಳಿದ ನಾಲ್ವರಿಗೂ ವಿರಾಮ. ನನ್ನ ಸ್ವರ ನಿಲ್ಲುವ ತನಕ ಅವರು ಕಾಯಬೇಕು ಎಂದು ಅವಳೇ ಬರೆದಿದ್ದಾಳೆ. ಇದನ್ನು ನೋಡಿದಾಗ ನನ್ನ ಕೋಪವೆಲ್ಲ ಇಳಿಯಿತು ಎಂದೇ ಹೇಳಬೇಕು. ಮಗಳು ನನ್ನನ್ನು ಅರ್ಥ ಮಾಡಿಕೊಂಡಿದ್ದಾಳೆ ಎಂದುಕೊಂಡೆ. ತಂದೆಯ ಮರ್ಯಾದೆ ಉಳಿಸಿದ್ದಾಳೆ ಎಂದುಕೊಂಡೆ. ಒಂದು ವಾರ ಮನೆಯಲ್ಲಿ ನಾನೇ ಪಾತ್ರೆ ತೊಳೆದೆ.

ಆಮೇಲೆ ಅವಳು ನುಡಿಸಬೇಕಾದ ಸ್ವರಗಳ ಹಾಳೆ ನೋಡಿದೆ. ಕದ್ದು ನೋಡಿದ್ದಲ್ಲ, ಪಕ್ಕದ ಸ್ಟ್ಯಾಂಡಿನ ಮೇಲೇ ಇತ್ತು. ಬ್ಯಾಂಡುಗಳಲ್ಲಿ ಒಂದು ರೂಢಿ ಇದೆ. ಒಬ್ಬ ವಾದಕ ಬಾರದೆ ಹೋದರೆ ಎಂದು ಅವನ ಸ್ವರಗಳನ್ನು ಇನ್ನೊಬ್ಬನ ಹಾಳೆಯಲ್ಲಿ ಸಣ್ಣದಾಗಿ, ಇರುವೆಯಷ್ಟು ಸಣ್ಣದಾಗಿ ಬರೆದಿಡುತ್ತಾರೆ. ಅವನು ಇದ್ದರೆ ಅದನ್ನು ನುಡಿಸಬಾರದು. ಅವನು ಇಲ್ಲದಿದ್ದರೆ ಮಾತ್ರ. ಜ್ವರ ಬಂದವನಿಗೆ, ಊರಿಗೆ ಹೋದವನಿಗೆ, ಸತ್ತವನಿಗೆ ಮಾಡುವ ಏರ್ಪಾಡು ಅದು. ನನ್ನ ಮಗಳ ಹಾಳೆಯಲ್ಲಿ ನನ್ನ ರಾಗ ಪೂರ್ತಿ ಸಣ್ಣದಾಗಿ ಬರೆದಿತ್ತು. ಕೊನೆಯ ಪುಟದಲ್ಲಿ ಆ ಹತ್ತುವಿಕೆ, ಆ ತುದಿಯ ಸ್ವರ, ಅದೂ ಸಣ್ಣದಾಗಿ ಬರೆದಿತ್ತು. ನಾನು ಅವಳ ಪಕ್ಕದಲ್ಲಿ ಕುಳಿತಿದ್ದೆ. ನನ್ನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು.

“ಇದೇನೇ ಇದು?” ಎಂದೆ.

“ಬೇಕಾದ್ರೆ ಮಾತ್ರ.”

“ನಾನು ಇಲ್ಲೇ ಇದ್ದೀನಲ್ಲ.”

ಆಗ ಅವಳು, ಬಾಯಿತಪ್ಪಿದ ಆ ಒಂದು ಸಲ ಬಿಟ್ಟರೆ ಇಷ್ಟು ವರ್ಷದಲ್ಲಿ ಮೊದಲ ಸಲ, ಅಭ್ಯಾಸದ ನಡುವೆ ಎಲ್ಲರ ಎದುರಿಗೆ, “ಅಪ್ಪಾ” ಎಂದಳು. “ಅಪ್ಪಾ, ಅದು ನಿನಗೋಸ್ಕರ ಅಲ್ಲ. ಪೀಸಿಗೋಸ್ಕರ. ಅದು ಅರ್ಧಕ್ಕೆ ನಿಲ್ಲಬಾರದು ಅಷ್ಟೇ.”

ಟಪಾಲಿನವರು ಟ್ರಂಬೋನಿಗೆ ಎಣ್ಣೆ ಹಚ್ಚುವ ನೆಪದಲ್ಲಿ ತಲೆ ತಗ್ಗಿಸಿದರು. ನಾನು ಅವಳನ್ನು ಹೊರಗೆ ನಿಲ್ಲಿಸಲಿಲ್ಲ. ನಾನೇ ಹೊರಗೆ ಹೋಗಿ ನಿಂತೆ.

ಮನೆಯಲ್ಲಿ ಇವಳ ಅಮ್ಮನ ಹತ್ತಿರ ಹೇಳಿಕೊಂಡೆ. “ಬೇಕಿದ್ರೆ ಕೇಳಬಹುದಿತ್ತು. ಅಪ್ಪಾ, ಇನ್ಮೇಲೆ ನಾನು ನಿಲ್ತೀನಿ ಅಂತ ಒಂದು ಮಾತು ಕೇಳಿದ್ರೆ ಕೊಟ್ಟುಬಿಡ್ತಿದ್ದೆ” ಎಂದೆ. ಅವಳು ಬಟ್ಟೆ ಮಡಚುತ್ತಿದ್ದಳು. “ಕೇಳೋ ಹಾಗೆ ನೀವು ಯಾವತ್ತು ಬೆಳೆಸಿದ್ರಿ ರೀ?” ಎಂದಳು. ನೋಡಿ, ತಾಯಿ ಮಗಳು ಒಂದು ಕಡೆ. ಇದಕ್ಕೆ ಏನು ಹೇಳುತ್ತೀರಿ? ಮೇಲಾಗಿ, ಅಳವಡಿಕೆಯ ಮೊದಲ ಪುಟದಲ್ಲೇ ‘ಎಲ್ಲರೂ ಕುಳಿತು’ ಎಂದು ಬರೆದಿದ್ದಾಳೆ. ಇನ್ನು ನಿಲ್ಲುವವರೇ ಇಲ್ಲ. ಕೊಡುವುದಕ್ಕೂ ಏನೂ ಇಲ್ಲ, ಕೇಳುವುದಕ್ಕೂ ಏನೂ ಇಲ್ಲ.

ಮುಗಿಸುತ್ತೇನೆ, ಮುಗಿಸುತ್ತೇನೆ. ಕಾರ್ಯದರ್ಶಿಗಳು ಗಡಿಯಾರ ನೋಡುವುದು ಬೇಡ.

ಇವತ್ತು ಮಧ್ಯಾಹ್ನ ಕುರ್ಚಿ ಜೋಡಿಸುವ ಹೊತ್ತಿಗೆ ನಾನು ಇಲ್ಲಿಗೆ ಬಂದಿದ್ದೆ. ಸಭಾಂಗಣ ಖಾಲಿ ಇತ್ತು. ಅವಳ ಸ್ಟ್ಯಾಂಡಿನ ಮೇಲಿದ್ದ ಹಾಳೆ ತೆಗೆದುಕೊಂಡು, ದಪ್ಪ ಮಸಿಯಿಂದ, ಆ ಸಣ್ಣ ಸ್ವರಗಳನ್ನೆಲ್ಲ ಒಂದೂ ಬಿಡದೆ ಹೊಡೆದುಹಾಕಿದ್ದೇನೆ. ಈ ಸಭೆಯ ಮುಂದೆ ಹೇಳುತ್ತಿದ್ದೇನೆ. ಅವಳ ಸ್ವಂತ ಪಾಲನ್ನು ಮುಟ್ಟಿಲ್ಲ. ನನ್ನದನ್ನು ಮಾತ್ರ ತೆಗೆದಿದ್ದೇನೆ. ಅವಳು ಈಗಾಗಲೇ ನೋಡಿರುತ್ತಾಳೆ. ನಾನು ತಿರುಗಿಲ್ಲ, ಆದರೆ ಹಾಳೆ ಮಗುಚಿದ ಸದ್ದು ಆಗಲೇ ಕೇಳಿತು.

ಮಸಿ ಹಚ್ಚಿ ಕೆಳಗಿಳಿಯುವಾಗ ಹೊಳೆಯಿತು: ಇದರಿಂದ ಏನಾದ ಹಾಗಾಯಿತು? ಅವಳಿಗೆ ಹಾಳೆ ಯಾಕೆ ಬೇಕು? ದೊಡ್ಡದು ಅವಳಿಗೆ ಬಾಯಿಪಾಠ. ನಾನು ಎಡವಿದರೆ, ಅವಳು ಕಣ್ಣು ಮುಚ್ಚಿಕೊಂಡೂ ಆ ಸ್ವರವನ್ನು ಹಿಡಿದು ನಿಲ್ಲಿಸಬಲ್ಲಳು. ನೀವು ಮತ್ತೆ ಎದ್ದು ನಿಲ್ಲುತ್ತೀರಿ. ನಾನು ಮತ್ತೆ ಬಾಗುತ್ತೇನೆ. ನನ್ನಿಂದ ಅದು ಇನ್ನೊಂದು ಸಲ ಆಗದು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಕೊನೆಯಲ್ಲಿ ನಾಲ್ವರೂ ನುಡಿಸುವುದನ್ನು ನಿಲ್ಲಿಸುತ್ತಾರೆ. ನಾನು ಮೇಲೆ ಹತ್ತುತ್ತೇನೆ. ಸ್ವರ ಬಂದರೆ ಅದು ನನ್ನದು, ಧಾರಾಳವಾಗಿ ತಟ್ಟಿ. ಬಾರದೆ ಹೋದರೆ ಈ ಸಭಾಂಗಣದಲ್ಲಿ ಏನೂ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಕೆಮ್ಮಬೇಡಿ, ಕುರ್ಚಿ ಎಳೆಯಬೇಡಿ, ಪಾಪ ಎನ್ನಬೇಡಿ. ಅದೂ ನನ್ನದೇ. ಅದನ್ನಾದರೂ ನನಗೆ ಬಿಡಿ.

ಮತ್ತೆ ನೀನು. ಎರಡನೆಯ ಕಾರ್ನೆಟ್. ಇಷ್ಟು ಜನರ ಮುಂದೆ ನಿನ್ನ ಮಾಸ್ತರು ಹೇಳುತ್ತಿದ್ದಾರೆ. ಊದಬೇಡ. ಏನೇ ಆಗಲಿ, ಎಷ್ಟೇ ಹೊತ್ತಾಗಲಿ, ಊದಬೇಡ.

ಈಗ ತಿರುಗಿ ನೋಡುತ್ತಿದ್ದೇನೆ, ಕ್ಷಮಿಸಿ, ಸಭೆಗೆ ಬೆನ್ನು ಹಾಕಬಾರದು.

ತಲೆಯಾಡಿಸಿದಳು. ಕೊನೆಯ ಹಾಳೆಯನ್ನು ಸ್ಟ್ಯಾಂಡಿನಿಂದ ತೆಗೆದು, ಎರಡಾಗಿ ಮಡಚಿ, ಕುರ್ಚಿಯ ಕೆಳಗೆ ಇಟ್ಟಳು. “ಆಯ್ತು ಮಾಸ್ತರೇ” ಎಂದಳು. ನಿಮಗೆ ಕೇಳಿಸಿರಲಾರದು, ಮೆಲ್ಲಗೆ ಹೇಳಿದಳು.

ಇಷ್ಟು ಬೇಗ ಒಪ್ಪಿಬಿಡುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ.

ಸಭಿಕರೇ, ಕಾರ್ಯದರ್ಶಿಗಳೇ, ಯಾರಾದರೂ ಒಂದು ಲೋಟ ನೀರು ಕೊಡುತ್ತೀರಾ? ಊದುವ ಮೊದಲು ಇಷ್ಟು ಮಾತಾಡಬಾರದು, ತುಟಿ ಒಣಗುತ್ತದೆ. ಇದನ್ನು ಎಲ್ಲರಿಗೂ ಕಲಿಸಿದವನು ನಾನೇ. ಫಲಕ ಕೊಟ್ಟವರಿಗೆ, ಹಲ್ಲು ಕಟ್ಟಿದವರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೆ ನನ್ನ ಧನ್ಯವಾದ. ಅವಳು ಊದುವುದಿಲ್ಲ, ನನ್ನ ಮಗಳು ನನಗೆ ಗೊತ್ತು, ಹೇಳಿದ ಮೇಲೆ ಮುಗಿಯಿತು. ಇನ್ನು ನಾನು ಹೋಗಿ ಕುಳಿತುಕೊಳ್ಳಬೇಕು.

ನಮಸ್ಕಾರ.